ಸ್ಯಾನಿಟೈಸರ್ ಸೋತ ಮನೆ: ಒಂದು ನೊರೊವೈರಸ್ ಪ್ರಕರಣ

ವಾಂತಿ ಭೇದಿ ತರುವ ನೊರೊವೈರಸ್ ಒಂದು ವೃದ್ಧಾಶ್ರಮದಲ್ಲಿ ಹರಡಿದ ಪ್ರಕರಣ ಇದು. ಊರು, ಹೆಸರು, ವರ್ಷ ಯಾವುದನ್ನೂ ಹೇಳುವುದಿಲ್ಲ. ಜನರ ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆದರೆ ಯಾವ ಹೊತ್ತಿನಲ್ಲಿ ಏನು ನಿರ್ಧಾರ ಮಾಡಿದೆವು, ಎಲ್ಲಿ ತಪ್ಪಿದೆವು ಅನ್ನುವುದನ್ನು ಮುಚ್ಚಿಟ್ಟಿಲ್ಲ. ಸೋಂಕು ತಡೆಯ ಸಲಹೆಗಾರಳಾಗಿ ನಾನು ಅಲ್ಲಿಗೆ ಹೋದವಳು. ತಪ್ಪುಗಳಲ್ಲಿ ನನ್ನದೂ ಇದೆ.

ಹಿನ್ನೆಲೆ

ಅಲ್ಲಿ 78 ಹಿರಿಯರಿದ್ದರು. ನೋಡಿಕೊಳ್ಳುವವರು, ಅಡುಗೆಯವರು, ಕ್ಲೀನಿಂಗ್‌ನವರು ಎಲ್ಲ ಸೇರಿ ಸುಮಾರು 40 ಸಿಬ್ಬಂದಿ. ಕೊರೊನಾ ಕಾಲದಲ್ಲಿ ಬಹಳ ಎಚ್ಚರದಿಂದ ಇದ್ದ ಜಾಗ ಇದು. ಪ್ರತಿ ಬಾಗಿಲ ಪಕ್ಕದಲ್ಲೂ ಸ್ಯಾನಿಟೈಸರ್ ಬಾಟಲಿ. ಕೋಣೆಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಕೈಗೆ ಹಾಕಿಕೊಳ್ಳುವುದು ಎಲ್ಲರಿಗೂ ಉಸಿರಾಟದಷ್ಟೇ ಸಹಜವಾಗಿತ್ತು. ನೆಲ, ಬಾಗಿಲ ಹಿಡಿ, ಮಂಚದ ಕಂಬಿಗಳಿಗೆ ಕ್ವಾಟರ್ನರಿ ಅಮೋನಿಯಂ ಎಂಬ ರಾಸಾಯನಿಕ ಇರುವ ಪರಿಮಳದ ಸೋಂಕುನಾಶಕ. ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ 99.9% ಅಂತ ಬರೆದಿತ್ತು. ಈ ಅಭ್ಯಾಸ ಅವರನ್ನು ನಿಜವಾಗಿಯೂ ಕಾಪಾಡಿತ್ತು. ಹಾಗಾಗಿ ಅದರ ಮೇಲೆ ಅವರಿಗೆ ಅಷ್ಟು ನಂಬಿಕೆ ಇದ್ದದ್ದರಲ್ಲಿ ತಪ್ಪೇನಿಲ್ಲ.

ಒಂದು ಸಂಜೆ ಎಲ್ಲರೂ ಕೂರುವ ದೊಡ್ಡ ಹಾಲ್‌ನಲ್ಲಿ ಒಬ್ಬ ಅಜ್ಜಿಗೆ ಇದ್ದಕ್ಕಿದ್ದಂತೆ ವಾಂತಿಯಾಯಿತು. ತಡೆದುಕೊಳ್ಳಲು ಸಮಯವೇ ಸಿಗಲಿಲ್ಲ. ಸಿಬ್ಬಂದಿ ಓಡಿ ಬಂದು ಒರೆಸಿದರು, ಅದೇ ಪರಿಮಳದ ದ್ರಾವಣ ಹಾಕಿ ಇನ್ನೊಂದು ಸಲ ಒರೆಸಿದರು, ಕೈಗೆ ಸ್ಯಾನಿಟೈಸರ್ ಹಾಕಿಕೊಂಡರು. ಹತ್ತು ನಿಮಿಷದಲ್ಲಿ ಹಾಲ್ ಮೊದಲಿನಂತಾಯಿತು. ವಯಸ್ಸಾದವರಿಗೆ ಒಮ್ಮೊಮ್ಮೆ ಹೀಗಾಗುತ್ತದೆ ಅಂದುಕೊಂಡರು.

ಮೂರನೇ ದಿನದ ಹೊತ್ತಿಗೆ 7 ಹಿರಿಯರು, 2 ಸಿಬ್ಬಂದಿ ಮಲಗಿದ್ದರು. ವಾಂತಿ, ನೀರಿನಂತೆ ಭೇದಿ, ಸ್ವಲ್ಪ ಜ್ವರ. ನಾಲ್ಕನೇ ದಿನ ನನಗೆ ಫೋನ್ ಬಂತು.

ಮೊದಲ ತಪ್ಪು ನನ್ನದು

ನಾನು ಹೋದವಳೇ ಅಡುಗೆಮನೆಗೆ ನುಗ್ಗಿದೆ. ಒಂದೇ ಮನೆಯಲ್ಲಿ ಇಷ್ಟು ಜನಕ್ಕೆ ವಾಂತಿ ಅಂದರೆ ಊಟವೇ ಕಾರಣ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಫ್ರಿಜ್‌ನ ತಾಪಮಾನ, ನೀರಿನ ಟ್ಯಾಂಕ್, ಹಿಂದಿನ ದಿನಗಳ ಊಟದ ಪಟ್ಟಿ ಎಲ್ಲ ನೋಡಿದೆ. ಎರಡು ದಿನ ಹೋಯಿತು. ಆ ಎರಡು ದಿನ ಬೇರೆ ಕಡೆ ಕೊಟ್ಟಿದ್ದರೆ ಎಷ್ಟೋ ಜನ ಕಾಯಿಲೆ ಬೀಳುತ್ತಿರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ.

ಕಣ್ಣ ಮುಂದೆಯೇ ಸುಳಿವು ಇತ್ತು. ಊಟದಿಂದ ಆಗಿದ್ದರೆ ಆ ಊಟ ಮಾಡಿದವರೆಲ್ಲ ಹೆಚ್ಚು ಕಡಿಮೆ ಒಟ್ಟಿಗೆ ಮಲಗಬೇಕಿತ್ತು. ಇಲ್ಲಿ ಹಾಗಾಗಿರಲಿಲ್ಲ. ಯಾರಿಗೆ ಯಾವ ಗಂಟೆಗೆ ಶುರುವಾಯಿತು ಅಂತ ಒಂದು ಹಾಳೆಯಲ್ಲಿ ಬರೆದು ನೋಡಿದಾಗ, ಮೊದಲ ಸಂಜೆ ಆ ಅಜ್ಜಿಯ ಸುತ್ತಮುತ್ತ ಕೂತಿದ್ದವರು ಮತ್ತು ಒರೆಸಿದ ಇಬ್ಬರು ಮೊದಲ ಅಲೆ, ಅವರನ್ನು ನೋಡಿಕೊಂಡವರು ಮತ್ತು ಅವರ ಪಕ್ಕದ ಮಂಚದವರು ಎರಡನೇ ಅಲೆ ಅಂತ ಗೊತ್ತಾಯಿತು. ಎರಡರ ನಡುವೆ ಒಂದೂವರೆ ದಿನದ ಅಂತರ.

1982ರಲ್ಲಿ ಕಪ್ಲಾನ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ಲ್ಯಾಬ್ ವರದಿ ಬರುವ ಮೊದಲೇ ಇಂಥ ಪ್ರಕರಣ ಗುರುತಿಸಲು ಕೆಲವು ಲಕ್ಷಣಗಳನ್ನು ಹೇಳಿದ್ದರು. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ವಾಂತಿ, ಸೋಂಕು ತಗುಲಿ ಸರಾಸರಿ 24ರಿಂದ 48 ಗಂಟೆಗೆ ಕಾಯಿಲೆ, 12ರಿಂದ 60 ಗಂಟೆಯಲ್ಲಿ ವಾಸಿ, ಮಲದಲ್ಲಿ ಬ್ಯಾಕ್ಟೀರಿಯಾ ಸಿಗದಿರುವುದು. ಹಾಳೆಯಲ್ಲಿ ಬರೆದದ್ದೆಲ್ಲ ಇದಕ್ಕೆ ಹೊಂದಿತು. ಆರನೇ ದಿನ ಪಿಸಿಆರ್ ವರದಿ ಬಂತು. ನೊರೊವೈರಸ್. 1968ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಹೀಗೇ ಮಕ್ಕಳು ವಾಂತಿ ಮಾಡಿಕೊಂಡಿದ್ದರು. 1972ರಲ್ಲಿ ವಿಜ್ಞಾನಿ ಆಲ್ಬರ್ಟ್ ಕಪಿಕಿಯನ್ ಅವರ ತಂಡ ಆ ಮಾದರಿಯಿಂದ ಬಂದ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಹೆಸರು ಬಂದದ್ದು ಆ ಊರಿನಿಂದ.

ಇಷ್ಟು ಸ್ಯಾನಿಟೈಸರ್ ಬಳಸಿದರೂ ಯಾಕೆ?

ಹೌಸ್‌ಕೀಪಿಂಗ್ ಮೇಲ್ವಿಚಾರಕಿ ನನ್ನನ್ನು ನೇರವಾಗಿ ಕೇಳಿದ್ದು ಇದನ್ನೇ. "ಮೇಡಂ, ನಾವೇನು ಕಡಿಮೆ ಮಾಡಿದ್ವಿ? ಕೈ ಒಣಗಿ ಬಿರಿಯೋವರೆಗೂ ಹಾಕ್ಕೊಂಡಿದ್ದೀವಿ." ಆಕೆ ಕೈ ತೋರಿಸಿದರು. ಬೆರಳ ಗೆಣ್ಣುಗಳು ಸಿಪ್ಪೆ ಎದ್ದು ಕೆಂಪಾಗಿದ್ದವು. ಮೈಗಳ್ಳತನದಿಂದ ಆದ ತಪ್ಪಲ್ಲ ಇದು. ಶ್ರದ್ಧೆಯಿಂದಲೇ ಮಾಡಿದ್ದರು, ಆದರೆ ಈ ವೈರಸ್‌ಗೆ ಆಗದ ವಸ್ತುವಿನಿಂದ ಮಾಡಿದ್ದರು.

ಆಕೆಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ವೈರಸ್‌ಗಳಲ್ಲಿ ದೊಡ್ಡದಾಗಿ ಎರಡು ಬಗೆ. ಫ್ಲೂ, ಕೊರೊನಾ, ದಡಾರ, ಎಚ್‌ಐವಿ, ಹರ್ಪಿಸ್ ಇವಕ್ಕೆ ಹೊರಗಡೆ ಕೊಬ್ಬಿನ ಪೊರೆ ಇರುತ್ತದೆ. ನಮ್ಮ ಜೀವಕೋಶದಿಂದ ಹೊರಬರುವಾಗ ನಮ್ಮದೇ ಪೊರೆಯ ತುಂಡನ್ನು ಹೊದ್ದುಕೊಂಡು ಬರುತ್ತವೆ. ಮುಂದಿನ ಕೋಶಕ್ಕೆ ಅಂಟಿಕೊಳ್ಳಲು ಬೇಕಾದ ಕೊಂಡಿಗಳು ನೆಟ್ಟಿರುವುದೂ ಆ ಪೊರೆಯ ಮೇಲೆಯೇ. ಪೊರೆ ಕರಗಿದರೆ ಆ ವೈರಸ್ ಕತೆ ಮುಗಿಯಿತು. ಸೋಪು, ಸ್ಯಾನಿಟೈಸರ್‌ನಲ್ಲಿರುವ ಆಲ್ಕೋಹಾಲ್, ಕ್ವಾಟರ್ನರಿ ಅಮೋನಿಯಂ ಎಲ್ಲವೂ ಕೊಬ್ಬನ್ನು ಕೆಡಿಸುತ್ತವೆ. ಹಾಗಾಗಿ ಪೊರೆ ಇರುವ ವೈರಸ್‌ಗಳು ಇವಕ್ಕೆ ಸುಲಭವಾಗಿ ಬಗ್ಗುತ್ತವೆ.

ನೊರೊ, ಪೋಲಿಯೋ, ರೋಟಾ, ಹೆಪಟೈಟಿಸ್ ಎ, ಅಡೆನೊ, ಪಾರ್ವೊ ಇವಕ್ಕೆ ಆ ಪೊರೆಯೇ ಇಲ್ಲ. ಹೊರಗಡೆ ಇರುವುದು ಪ್ರೋಟೀನ್ ಚಿಪ್ಪು ಮಾತ್ರ. ನೊರೊವೈರಸ್ಸಿನ ಚಿಪ್ಪಿನಲ್ಲಿ ಒಂದೇ ಪ್ರೋಟೀನ್‌ನ 180 ತುಂಡುಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡಿರುತ್ತವೆ. ಕರಗಿಸೋಣ ಅಂದರೆ ಕೊಬ್ಬಿಲ್ಲ. ಆಲ್ಕೋಹಾಲ್ ಇದಕ್ಕೆ ಏನೂ ಮಾಡುವುದಿಲ್ಲ ಅಂತಲ್ಲ, ಸ್ವಲ್ಪ ಮಾಡುತ್ತದೆ. ಆದರೆ ಅದನ್ನೇ ನಂಬಿ ಕೂರುವಷ್ಟಲ್ಲ.

ಯಾವ ವೈರಸ್ ಗಟ್ಟಿ ಅಂತ ಊಹಿಸಲು ನನಗೆ ತುಂಬಾ ಉಪಯೋಗಕ್ಕೆ ಬರುವ ಒಂದು ದಾರಿ ಇದೆ. ಅದು ದೇಹಕ್ಕೆ ಯಾವ ದಾರಿಯಿಂದ ಬರುತ್ತದೆ ಅಂತ ಕೇಳಿಕೊಳ್ಳುತ್ತೇನೆ. ಬಾಯಿಂದ ಹೊಟ್ಟೆಗೆ ಹೋಗಿ ಕರುಳಿನಲ್ಲಿ ಬೆಳೆಯುವ ವೈರಸ್ ಮೊದಲು ಜಠರದ ಆಮ್ಲ ದಾಟಬೇಕು, ಆಮೇಲೆ ಪಿತ್ತರಸ ದಾಟಬೇಕು. ಪಿತ್ತರಸ ಕೊಬ್ಬನ್ನು ಒಡೆಯುವ ವಸ್ತು, ಅಂದರೆ ದೇಹದೊಳಗಿನ ಸೋಪು ಇದ್ದ ಹಾಗೆ. ಕೊಬ್ಬಿನ ಪೊರೆ ಹೊದ್ದವು ಹೆಚ್ಚಿನವು ಅಲ್ಲೇ ಕರಗಿಹೋಗುತ್ತವೆ. ಆ ದಾರಿಯಲ್ಲಿ ಬದುಕಿ ಬರುವ ವೈರಸ್‌ಗೆ ನಮ್ಮ ಕೈ ಮೇಲಿನ ಸ್ಯಾನಿಟೈಸರ್ ಯಾವ ಲೆಕ್ಕ! ಪೊರೆ ಇಲ್ಲದವುಗಳಲ್ಲೂ ವ್ಯತ್ಯಾಸ ಇದೆ. ಪೋಲಿಯೋದ ಹತ್ತಿರದ ಸಂಬಂಧಿಯಾದ ನೆಗಡಿಯ ರೈನೊವೈರಸ್ ಆಮ್ಲಕ್ಕೆ ಸಿಕ್ಕರೆ ಬೇಗ ಕೆಡುತ್ತದೆ, ಯಾಕೆಂದರೆ ಅದು ಮೂಗಿನಲ್ಲಿ ಬದುಕುವಂಥದ್ದು, ಹೊಟ್ಟೆ ದಾಟುವ ಅಗತ್ಯವೇ ಅದಕ್ಕಿಲ್ಲ.

ಆಮೇಲೆ ಆ ಪರಿಮಳದ ಬಾಟಲಿ ತಂದು ಇಬ್ಬರೂ ಲೇಬಲ್ ಓದಿದೆವು. ಮುಂದೆ ದೊಡ್ಡದಾಗಿ 99.9%. ಹಿಂದೆ, ಕನ್ನಡಕ ಹಾಕಿಕೊಂಡು ನೋಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ, "ಪೊರೆ ಇರುವ ವೈರಸ್‌ಗಳ ಮೇಲೆ ಪರೀಕ್ಷಿಸಲಾಗಿದೆ". ತಯಾರಿಸಿದವರು ಸುಳ್ಳು ಹೇಳಿರಲಿಲ್ಲ. ಆ ಸಾಲನ್ನು ಅಲ್ಲಿ ಯಾರೂ ಓದಿರಲಿಲ್ಲ ಅಷ್ಟೆ.

99.9% ಬಗ್ಗೆಯೂ ಒಂದು ಮಾತು. ಕಾಯಿಲೆ ಬಿದ್ದವರ ಒಂದು ಗ್ರಾಂ ಮಲದಲ್ಲಿ 100 ಕೋಟಿ ವೈರಸ್ ಕಣಗಳಿರಬಹುದು. ಅದರಲ್ಲಿ 99.9% ಸತ್ತರೆ ಉಳಿಯುವುದು 10 ಲಕ್ಷ. ಒಬ್ಬ ಮನುಷ್ಯನಿಗೆ ನೊರೊವೈರಸ್ ಹತ್ತಲು 100ಕ್ಕಿಂತ ಕಡಿಮೆ ಕಣ ಸಾಕು ಅಂತ ಅಂದಾಜಿದೆ. ಲೆಕ್ಕ ನೀವೇ ಹಾಕಿ ನೋಡಿ. ಯುರೋಪಿನಲ್ಲಿ ಇಂಥ ವಸ್ತುಗಳನ್ನು ಪರೀಕ್ಷಿಸುವ ಇಎನ್ 14476 ಎಂಬ ಮಾನದಂಡದಲ್ಲಿ ವೈರಸ್ ಹತ್ತು ಸಾವಿರದಲ್ಲಿ ಒಂದಕ್ಕೆ ಇಳಿಯಬೇಕು, ಅಂದರೆ 99.99%. ಎಲ್ಲ ವೈರಸ್‌ಗಳ ಮೇಲೂ ಕೆಲಸ ಮಾಡುತ್ತದೆ ಅಂತ ಬರೆದುಕೊಳ್ಳಬೇಕಾದರೆ ಪೋಲಿಯೋ, ಅಡೆನೊ ಮತ್ತು ಇಲಿಯ ನೊರೊವೈರಸ್ ಮೇಲೆ ಅದನ್ನು ತೋರಿಸಬೇಕು.

ಇಲಿಯದ್ದು ಯಾಕೆ ಅಂದರೆ ಮನುಷ್ಯರ ನೊರೊವೈರಸ್ಸನ್ನು ಲ್ಯಾಬ್‌ನಲ್ಲಿ ಬೆಳೆಸುವುದು ದಶಕಗಳ ಕಾಲ ಯಾರಿಗೂ ಆಗಲಿಲ್ಲ. 2016ರಲ್ಲಿ ಮನುಷ್ಯರ ಕರುಳಿನ ಕೋಶಗಳಿಂದ ಬೆಳೆಸಿದ ಪುಟ್ಟ ಅಂಗಾಂಶದಲ್ಲಿ ಅದು ಸಾಧ್ಯವಾಯಿತು. ಅಲ್ಲಿಯವರೆಗೆ ಅದರ ಸಂಬಂಧಿಗಳಾದ ಬೆಕ್ಕಿನ ಕ್ಯಾಲಿಸಿವೈರಸ್, ಇಲಿಯ ನೊರೊವೈರಸ್ ಇವನ್ನು ಬದಲಿಗೆ ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಬೆಕ್ಕಿನ ವೈರಸ್ ಉಸಿರಾಟದ ದಾರಿಯದ್ದು, ಆಮ್ಲವನ್ನು ತಾಳಿಕೊಳ್ಳುವುದಿಲ್ಲ. ಹಾಗಾಗಿ "ನೊರೊವೈರಸ್ ಕೊಲ್ಲುತ್ತದೆ" ಅಂತ ಬರೆದಿದ್ದರೂ ಯಾವ ವೈರಸ್ ಮೇಲೆ ನೋಡಿದ್ದಾರೆ ಅಂತ ನಾನು ಹುಡುಕುತ್ತೇನೆ.

ಏನೇನು ಮಾಡಿದೆವು

ಆರನೇ ದಿನವೇ ಎರಡು ನಿರ್ಧಾರ. ಕೈಗೆ ಸೋಪು, ಹರಿಯುವ ನೀರು, 20 ಸೆಕೆಂಡ್ ಉಜ್ಜುವುದು. ಸೋಪು ನೊರೊವೈರಸ್ಸನ್ನು ಕೊಲ್ಲುವುದಿಲ್ಲ, ಅದನ್ನು ಚರ್ಮದಿಂದ ಬಿಡಿಸುತ್ತದೆ, ನೀರು ಕೊಚ್ಚಿಕೊಂಡು ಹೋಗುತ್ತದೆ. ಕೊಲ್ಲದೇ ಇದ್ದರೂ ಚರಂಡಿ ಸೇರಿದರೆ ಆಯಿತಲ್ಲ. ಸ್ಯಾನಿಟೈಸರ್ ಬಾಟಲಿಗಳನ್ನು ತೆಗೆಸಲಿಲ್ಲ, ಆದರೆ ಕೋಣೆಯಿಂದ ಹೊರಬಂದ ಮೇಲೆ ಮೊದಲು ಸಿಂಕ್, ಆಮೇಲೆ ಬೇಕಾದರೆ ಬಾಟಲಿ ಅಂತ ಹೇಳಿದೆವು. ಎರಡನೆಯದು, ಪರಿಮಳದ ದ್ರಾವಣ ಬಿಟ್ಟು ಬ್ಲೀಚ್. ಅಂದರೆ ಸೋಡಿಯಂ ಹೈಪೋಕ್ಲೋರೈಟ್, 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 1000 ಪಾಲು). ಕ್ಲೋರಿನ್‌ಗೆ ಕೊಬ್ಬು ಬೇಕಿಲ್ಲ, ಅದು ಪ್ರೋಟೀನ್ ಚಿಪ್ಪನ್ನೇ ಸುಡುತ್ತದೆ.

ಸಂಸ್ಥೆ ನಡೆಸುವವರು ಇದೇ ಹೊತ್ತಿನಲ್ಲಿ ಒಂದು ಯೋಚನೆ ಮುಂದಿಟ್ಟರು. ಅಲ್ಟ್ರಾವಯಲೆಟ್ ದೀಪ ತರಿಸಿ ಕೋಣೆಕೋಣೆಗೂ ಇಟ್ಟರೆ ಹೇಗೆ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಬೇಡ ಅಂದೆ. ಆ ಬೆಳಕು ನೇರವಾಗಿ ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ. ಮಂಚದ ಕೆಳಗೆ, ಕಂಬಿಯ ಹಿಂದೆ, ಒಣಗಿದ ಕೊಳೆಯ ಪದರದ ಅಡಿಯಲ್ಲಿ ಇರುವುದಕ್ಕೆ ತಟ್ಟುವುದಿಲ್ಲ. ಜೊತೆಗೆ ಎಲ್ಲ ವೈರಸ್‌ಗೂ ಒಂದೇ ಪ್ರಮಾಣ ಸಾಕಾಗುವುದಿಲ್ಲ. ಅಡೆನೊವೈರಸ್‌ಗೆ ಎರಡೆಳೆಯ ಡಿಎನ್‌ಎ ಇದೆ, ಬೆಳಕಿನಿಂದ ಒಂದೆಳೆ ಕೆಟ್ಟರೆ ಅದು ಹೊಕ್ಕ ಜೀವಕೋಶವೇ ರಿಪೇರಿ ಮಾಡಿಕೊಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕುಡಿಯುವ ನೀರಿನ ನಿಯಮದಲ್ಲಿ ವೈರಸ್‌ಗಳನ್ನು 99.99% ಇಳಿಸಲು ಪ್ರತಿ ಚದರ ಸೆಂಟಿಮೀಟರಿಗೆ 186 ಮಿಲಿಜೂಲ್‌ನಷ್ಟು ಬೆಳಕಿನ ಶಕ್ತಿ ಬೇಕು ಅಂತ ಇಟ್ಟಿರುವುದು ಈ ಅಡೆನೊವೈರಸ್ಸನ್ನು ಲೆಕ್ಕಕ್ಕೆ ಹಿಡಿದೇ. ಒರೆಸಲು ಕೈ ಸಾಲದೆ ಇರುವಾಗ ದೀಪ ತಂದರೆ, ದೀಪ ಇದೆಯಲ್ಲ ಅಂತ ಒರೆಸುವುದು ಇನ್ನೂ ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ನನಗೆ ಹೆಚ್ಚಾಗಿತ್ತು.

ಏಳನೇ ದಿನದಿಂದ ಬ್ಲೀಚ್ ಶುರು. ಹನ್ನೊಂದನೇ ದಿನ ಇನ್ನೂ 5 ಹೊಸ ರೋಗಿಗಳು. ಅವರಲ್ಲಿ ಒಬ್ಬ ಅಜ್ಜ ನಿರ್ಜಲತೆಯಿಂದ ತೀರಾ ಬಳಲಿ ಆಸ್ಪತ್ರೆ ಸೇರಬೇಕಾಯಿತು.

ಬಕೆಟ್ ಪಕ್ಕದಲ್ಲಿ ಕೂತ ಬೆಳಿಗ್ಗೆ

ಈ ಪ್ರಕರಣದ ನಿಜವಾದ ತಿರುವು ಲ್ಯಾಬ್ ವರದಿಯಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಏನೂ ಹೇಳದೆ, ಸುಮ್ನೆ ಒಂದು ಸ್ಟೂಲ್ ಹಾಕಿಕೊಂಡು, ಕ್ಲೀನಿಂಗ್ ಹೇಗೆ ನಡೆಯುತ್ತದೆ ಅಂತ ಕೊನೆಯವರೆಗೂ ನೋಡಿದೆ. ಅದನ್ನು ನಾನು ಮೊದಲ ದಿನವೇ ಮಾಡಬೇಕಿತ್ತು.

ಬ್ಲೀಚ್ ಕ್ಯಾನ್ ಇಟ್ಟಿದ್ದದ್ದು ಕಿಟಕಿ ಕಟ್ಟೆಯ ಮೇಲೆ. ಬಿಸಿಲು ನೇರ ಅದರ ಮೇಲೆ. ಲೇಬಲ್ ಬಣ್ಣ ಹಾರಿ ಬಿಳಿಚಿತ್ತು. ಕ್ಯಾನ್ ತೆರೆದು ಎಷ್ಟು ತಿಂಗಳಾಗಿದೆ ಅಂತ ಯಾರಿಗೂ ನೆನಪಿಲ್ಲ. ಹೈಪೋಕ್ಲೋರೈಟ್‌ಗೆ ಶಾಖವೂ ಆಗದು, ಬೆಳಕೂ ಆಗದು, ಇಟ್ಟಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಬೆಳಿಗ್ಗೆ ಒಂದು ಬಕೆಟ್ ಕಲಸಿದರು. ಅದೇ ಬಕೆಟ್ ಸಂಜೆಯವರೆಗೆ. ಮಾಪ್ ಅದರಲ್ಲೇ ಅದ್ದುವುದು, ಹಿಂಡುವುದು, ಮತ್ತೆ ಅದ್ದುವುದು. ಎರಡನೇ ಕೋಣೆ ಮುಗಿಯುವಾಗ ನೀರು ಬೂದು ಬಣ್ಣ. ಕ್ಲೋರಿನ್ ವೈರಸ್ ಯಾವುದು, ಕೊಳೆ ಯಾವುದು ಅಂತ ನೋಡುವುದಿಲ್ಲ. ಸಿಕ್ಕ ಕೊಳೆಯ ಜೊತೆಗೆಲ್ಲ ವರ್ತಿಸಿ ಖರ್ಚಾಗಿಹೋಗುತ್ತದೆ. ನಾನು ಕ್ಲೋರಿನ್ ಪರೀಕ್ಷಿಸುವ ಪಟ್ಟಿಯನ್ನು ಹತ್ತು ಗಂಟೆಗೆ ಆ ಬಕೆಟ್‌ನಲ್ಲಿ ಅದ್ದಿದೆ. 1000ದ ಬಣ್ಣ ಗಾಢವಾಗಿ ಬರಬೇಕು. ನಮ್ಮ ಪಟ್ಟಿಯಲ್ಲಿ ಬಣ್ಣ ಬಂತೋ ಇಲ್ಲವೋ ಅಂತ ಬೆಳಕಿಗೆ ಹಿಡಿದು ನೋಡಬೇಕಾಯಿತು. ಮೇಲ್ವಿಚಾರಕಿ ಆ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತುಂಬಾ ಹೊತ್ತು ನೋಡುತ್ತಾ ನಿಂತರು. ನಾಲ್ಕು ದಿನದಿಂದ ಅವರು ನೆಲಕ್ಕೆ ಹಚ್ಚುತ್ತಿದ್ದದ್ದು ಹೆಚ್ಚು ಕಡಿಮೆ ಬರೀ ಕೊಳೆ ನೀರು.

ಇನ್ನೊಂದು, ಸಮಯ. ಒರೆಸಿದ ಅರ್ಧ ನಿಮಿಷಕ್ಕೇ ಒಣ ಬಟ್ಟೆಯಲ್ಲಿ ತೇವ ತೆಗೆಯುತ್ತಿದ್ದರು, ಹಿರಿಯರು ಜಾರಿ ಬೀಳಬಾರದು ಅಂತ. ಕಾಳಜಿ ಸರಿಯೇ. ಆದರೆ ಬ್ಲೀಚ್ ತೇವವಾಗಿ ಕನಿಷ್ಠ ಐದರಿಂದ ಹತ್ತು ನಿಮಿಷ ಅಲ್ಲೇ ನಿಲ್ಲಬೇಕು.

ವಾಂತಿಯ ಮೇಲೆ ನೇರವಾಗಿ ಬ್ಲೀಚ್ ಸುರಿಯುವುದೂ ಕಂಡಿತು. ಗಟ್ಟಿಯ ಒಳಗೆ ಅಡಗಿದ ವೈರಸ್‌ಗೆ ಯಾವ ಔಷಧಿಯೂ ಮುಟ್ಟುವುದಿಲ್ಲ. ಈ ವಿಷಯದಲ್ಲಿ ಇತಿಹಾಸದ ಒಂದು ಘಟನೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 1955ರಲ್ಲಿ ಅಮೆರಿಕದಲ್ಲಿ ಪೋಲಿಯೋ ಲಸಿಕೆಯ ವೈರಸ್ಸನ್ನು ಫಾರ್ಮಾಲ್ಡಿಹೈಡ್ ಹಾಕಿ ಕೊಲ್ಲುತ್ತಿದ್ದರು. ಕಟರ್ ಎಂಬ ಕಂಪನಿಯ ಕೆಲವು ಬ್ಯಾಚ್‌ಗಳ ಲಸಿಕೆಯಲ್ಲಿ ಕೋಶಗಳ ಚೂರಿನ ನಡುವೆ, ಉಂಡೆಕಟ್ಟಿದ ಕಡೆ ಸಿಕ್ಕಿಕೊಂಡ ವೈರಸ್ ಸಾಯದೆ ಉಳಿಯಿತು. ಸುಮಾರು 40,000 ಮಕ್ಕಳಿಗೆ ಸೌಮ್ಯ ಪೋಲಿಯೋ ಬಂತು, ಸುಮಾರು 200 ಜನಕ್ಕೆ ಪಾರ್ಶ್ವವಾಯು ಉಳಿಯಿತು, 10 ಜನ ಸತ್ತರು. ಔಷಧಿ ಸರಿಯಾಗಿತ್ತು, ಅದು ವೈರಸ್ಸನ್ನು ತಲುಪಲಿಲ್ಲ.

ಹನ್ನೆರಡನೇ ದಿನದಿಂದ ಕ್ರಮ ಬದಲಾಯಿತು. ಹೊಸ 5% ಬ್ಲೀಚ್, ಬಿಸಿಲು ಬೀಳದ ಕಪಾಟಿನಲ್ಲಿ. ಒಂದು ಪಾಲು ಬ್ಲೀಚ್‌ಗೆ 49 ಪಾಲು ನೀರು ಹಾಕಿದರೆ 1000 ಪಿಪಿಎಂ, 9 ಪಾಲು ನೀರು ಹಾಕಿದರೆ 5000. ಮೊದಲನೆಯದು ದಿನನಿತ್ಯದ ಒರೆಸಲು, ಎರಡನೆಯದು ವಾಂತಿ ಭೇದಿ ಬಿದ್ದ ಜಾಗಕ್ಕೆ. ಕೈಗವಸು, ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದು, ಮೊದಲು ಕಾಗದದಿಂದ ಎಲ್ಲ ಎತ್ತಿ, ಡಿಟರ್ಜೆಂಟ್ ಹಾಕಿ ತೊಳೆದು, ಆಮೇಲೆ ಬ್ಲೀಚ್, ಗಡಿಯಾರ ನೋಡಿ ಹತ್ತು ನಿಮಿಷ. ಅಷ್ಟು ಹೊತ್ತು ಬಾಗಿಲಲ್ಲಿ ಒಂದು ಕುರ್ಚಿ ಅಡ್ಡ, ಯಾರೂ ಕಾಲಿಡದ ಹಾಗೆ. ಪ್ರತಿ ಕೋಣೆಗೆ ಬೇರೆ ಬಟ್ಟೆ. ಬಕೆಟ್ ಕಲಸಿದ ಗಂಟೆಯನ್ನು ಅದರ ಮೇಲೇ ಬರೆಯುವುದು.

ಒಂದು ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದ ಮೇಲೆ ಅದರ ಮೇಲೇ ಬ್ಲೀಚ್ ಸುರಿದು ಒಬ್ಬ ಹುಡುಗಿ ಕೆಮ್ಮುತ್ತಾ ಹೊರಗೆ ಓಡಿ ಬಂದಳು. ಬಂದದ್ದು ಕ್ಲೋರಿನ್ ಅನಿಲ. ಅವಳಿಗೆ ಏನೂ ಆಗಲಿಲ್ಲ, ಆದರೆ ಆಗಬಹುದಿತ್ತು. ಬ್ಲೀಚ್ ಜೊತೆ ಆಸಿಡ್ ಆಗಲಿ ಅಮೋನಿಯಾ ಇರುವ ವಸ್ತು ಆಗಲಿ ಸೇರಿಸಬಾರದು ಅಂತ ನಾನು ಮೊದಲೇ ಹೇಳದೆ ಬ್ಲೀಚ್ ಶುರು ಮಾಡಿಸಿದ್ದು ತಪ್ಪು.

ಬಟ್ಟೆಯ ಕುರ್ಚಿಗಳು

ಹದಿಮೂರು, ಹದಿನಾಲ್ಕನೇ ದಿನ ಹೊಸ ರೋಗಿಗಳಿಲ್ಲ. ಹದಿನೈದನೇ ದಿನ ಮತ್ತೆ 3 ಜನ. ಎಲ್ಲರಿಗೂ ಮನಸ್ಸು ಕುಸಿಯಿತು.

ಹಾಳೆ ತೆಗೆದು ಮತ್ತೆ ನೋಡಿದೆವು. ಮೂವರ ಕೋಣೆ ಬೇರೆ, ಊಟದ ಟೇಬಲ್ ಬೇರೆ. ಒಂದೇ ಹೊಂದಿಕೆ ಏನೆಂದರೆ ಮುಚ್ಚಿಟ್ಟಿದ್ದ ದೊಡ್ಡ ಹಾಲನ್ನು ಹದಿನಾಲ್ಕನೇ ದಿನ ಮತ್ತೆ ತೆರೆದಾಗ ಮೂವರೂ ಒಂದೇ ಸಾಲಿನಲ್ಲಿ ಕೂತಿದ್ದರು. ಮೊದಲ ಸಂಜೆ ಆ ಅಜ್ಜಿ ಕೂತಿದ್ದ ಸಾಲು. ಆ ಕುರ್ಚಿಗಳಿಗೆ ಬಟ್ಟೆಯ ಹೊದಿಕೆ. ಬ್ಲೀಚ್ ಹಾಕಿದರೆ ಬಣ್ಣ ಹೋಗುತ್ತದೆ ಅಂತ ಅವನ್ನು ಯಾರೂ ಮುಟ್ಟಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಕೈಯಿಡುವ ಜಾಗದ ಬಟ್ಟೆ ವರ್ಷಗಟ್ಟಲೆ ಕೈ ತಾಗಿ ಕಪ್ಪಾಗಿ, ನುಣುಪಾಗಿ ಹೊಳೆಯುತ್ತಿತ್ತು. ಕೂತವರೆಲ್ಲರ ಅಂಗೈ ಅಲ್ಲೇ. ಆಮೇಲೆ ಅದೇ ಕೈ ಬಾಯಿಗೆ. ದಡಾರದ ವೈರಸ್ ಹೊರಗಡೆ ಎರಡು ಗಂಟೆಗಿಂತ ಹೆಚ್ಚು ಉಳಿಯುವುದಿಲ್ಲ, ನೊರೊವೈರಸ್ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ. ಇಷ್ಟು ದಿನ ಹಾಲ್ ಮುಚ್ಚಿಟ್ಟೆವು ಅಂತ ನಿಶ್ಚಿಂತೆಯಿಂದ ಇದ್ದದ್ದು ತಪ್ಪು ಲೆಕ್ಕ.

ರಾಸಾಯನಿಕ ಹಾಕಲಾಗದ ಕಡೆ ಶಾಖ. ಇಲ್ಲೂ ಎಷ್ಟು ಶಾಖ ಅನ್ನುವುದು ಮುಖ್ಯ. ನೊರೊವೈರಸ್ 60 ಡಿಗ್ರಿ ಸೆಲ್ಸಿಯಸ್‌ನಲ್ಲೂ ಬದುಕಿ ಉಳಿಯಬಲ್ಲದು. ಅಲ್ಲಿನ ಬಟ್ಟೆ ಒಗೆಯುವ ಮೆಷಿನ್ 40 ಡಿಗ್ರಿಯಲ್ಲಿ ಓಡುತ್ತಿತ್ತು, ಕರೆಂಟ್ ಉಳಿಸಲು. ಅದನ್ನು ಅದರ ಗರಿಷ್ಠ ಶಾಖಕ್ಕೆ ಇಟ್ಟು, ಡ್ರೈಯರ್‌ನಲ್ಲೂ ಬಿಸಿಯಾಗಿ ಒಣಗಿಸಲು ಹೇಳಿದೆವು. ಕುರ್ಚಿಗಳಿಗೆ ಹಬೆಯ ಯಂತ್ರ ತರಿಸಿ, ಬಟ್ಟೆ 70 ಡಿಗ್ರಿಯಲ್ಲಿ ಐದು ನಿಮಿಷ ಇರುವ ಹಾಗೆ ನಿಧಾನವಾಗಿ ಹಿಡಿದೆವು. ಒಂದು ಕುರ್ಚಿಗೆ ಅರ್ಧ ಗಂಟೆ ಹಿಡಿಯಿತು. ವ್ಯಾಕ್ಯೂಮ್ ಮಾತ್ರ ಹಾಕಬೇಡಿ ಅಂದೆ, ಒಣಗಿದ್ದೆಲ್ಲ ಗಾಳಿಗೆ ಏಳುತ್ತದೆ.

ಅದೇ ದಿನ ಇನ್ನೊಂದು ವಿಷಯ ಹೊರಬಿತ್ತು. ಕಾಯಿಲೆಯಿಂದ ಎದ್ದ ಸಿಬ್ಬಂದಿಯೊಬ್ಬರು ವಾಂತಿ ನಿಂತ ಮರುದಿನವೇ ಕೆಲಸಕ್ಕೆ ಬಂದಿದ್ದರು. ಜನ ಕಡಿಮೆ ಇದ್ದರು, ಕರೆದಿದ್ದರು. ಲಕ್ಷಣ ನಿಂತ ಮೇಲೂ ಕನಿಷ್ಠ 48 ಗಂಟೆ ದೂರ ಇರಬೇಕು, ಮಲದಲ್ಲಿ ವೈರಸ್ ಎರಡು ವಾರದವರೆಗೂ ಬರಬಹುದು. ರಜೆಗೆ ಸಂಬಳ ಕಡಿಯುವುದಿಲ್ಲ ಅಂತ ನಡೆಸುವವರು ಬರೆದು ಗೋಡೆಗೆ ಹಚ್ಚಿದ ಮೇಲೆ ಇನ್ನಿಬ್ಬರು ತಾವಾಗಿಯೇ ಬಂದು, ನಮಗೂ ಹೊಟ್ಟೆ ಸರಿಯಿಲ್ಲ ಅಂತ ಹೇಳಿದರು. ಈ ಒಂದು ಕಾಗದ ನನ್ನ ಎಲ್ಲ ಬ್ಲೀಚ್‌ಗಿಂತ ಜಾಸ್ತಿ ಕೆಲಸ ಮಾಡಿರಬಹುದು.

ಏನಾಯಿತು

ಕೊನೆಯ ರೋಗಿ ಹದಿನೆಂಟನೇ ದಿನ. ಆಮೇಲೆ ಒಂದು ವಾರ ಕಾದು ಮುಗಿಯಿತು ಅಂದೆವು. ಒಟ್ಟು 33 ಹಿರಿಯರು, 11 ಸಿಬ್ಬಂದಿ. ಆಸ್ಪತ್ರೆ ಸೇರಿದ್ದ ಅಜ್ಜ ಹುಷಾರಾಗಿ ಮನೆಗೆ ಬಂದರು, ಆದರೆ ಮೊದಲಿನ ಹಾಗೆ ಒಬ್ಬರೇ ನಡೆಯಲು ಅವರಿಗೆ ತಿಂಗಳುಗಳೇ ಹಿಡಿದವು. ವಯಸ್ಸಾದವರ ವಿಷಯದಲ್ಲಿ "ಎರಡು ದಿನದ ವಾಂತಿ" ಅನ್ನುವುದು ಎರಡು ದಿನಕ್ಕೆ ಮುಗಿಯುವುದಿಲ್ಲ.

ಮುಗಿದ ಮೇಲೆ ಒಂದು ಗಾಬರಿ. ನಡೆಸುವವರು ಖಚಿತಪಡಿಸಿಕೊಳ್ಳಲು ಕಂಬಿಗಳ ಮಾದರಿ ತೆಗೆದು ಪಿಸಿಆರ್‌ಗೆ ಕಳಿಸಿದ್ದರು. ಒಂದು ಪಾಸಿಟಿವ್ ಬಂತು. ಮತ್ತೆ ಹಾಲ್ ಮುಚ್ಚಬೇಕಾ ಅಂತ ಕೇಳಿದರು. ಪಿಸಿಆರ್ ವೈರಸ್ಸಿನ ಆರ್‌ಎನ್‌ಎ ಚೂರನ್ನು ಹುಡುಕುತ್ತದೆ. ವೈರಸ್ ಸತ್ತಿದೆಯೋ ಬದುಕಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಹೊಸ ರೋಗಿಗಳಿಲ್ಲ, ಕ್ಲೀನಿಂಗ್ ಸರಿಯಾಗಿ ನಡೆದಿದೆ. ಆ ಕಂಬಿಯನ್ನು ಇನ್ನೊಮ್ಮೆ ಒರೆಸಿ, ಮುಚ್ಚಲಿಲ್ಲ. ಆ ನಿರ್ಧಾರ ಮಾಡುವಾಗ ನನಗೂ ಅಳುಕು ಇತ್ತು.

ಇದರಿಂದ ಕಲಿತದ್ದು

ಒಂದು ವೈರಸ್ ವಿರುದ್ಧ ಗೆದ್ದ ಅಭ್ಯಾಸವೇ ಇನ್ನೊಂದರ ಎದುರು ಕಣ್ಣಿಗೆ ಪಟ್ಟಿ ಕಟ್ಟಿತು. ಇದು ಈ ಮನೆಯಲ್ಲಿ ಮಾತ್ರ ಆದದ್ದಲ್ಲ. 1980ರ ದಶಕದಲ್ಲಿ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಗಳಿಗೆ ಕೊಡುವ ರಕ್ತದ ಉತ್ಪನ್ನಗಳನ್ನು ದ್ರಾವಕ ಮತ್ತು ಡಿಟರ್ಜೆಂಟ್ ಹಾಕಿ ಶುದ್ಧ ಮಾಡುವ ವಿಧಾನ ಬಂತು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರಕ್ಕೂ ಕೊಬ್ಬಿನ ಪೊರೆ ಇರುವುದರಿಂದ ಅದು ಲೆಕ್ಕವಿಲ್ಲದಷ್ಟು ಜೀವ ಉಳಿಸಿತು. ಆದರೆ 1990ರ ದಶಕದ ಆರಂಭದಲ್ಲಿ ಇಟಲಿ ಮತ್ತು ಯುರೋಪಿನ ಬೇರೆ ಕೆಲವು ಕಡೆ ಹಾಗೆ ಶುದ್ಧ ಮಾಡಿದ ಉತ್ಪನ್ನದಿಂದಲೇ ಹೆಪಟೈಟಿಸ್ ಎ ಹರಡಿತು. ಅದಕ್ಕೆ ಡಿಟರ್ಜೆಂಟ್ ಕರಗಿಸುವ ಪೊರೆ ಇರಲಿಲ್ಲ. ಆಮೇಲೆ ಶಾಖ, ಅತಿ ಸಣ್ಣ ರಂಧ್ರದ ಶೋಧನೆ ಇವನ್ನೂ ಜೊತೆಗೆ ಸೇರಿಸುವುದು ರೂಢಿಗೆ ಬಂತು.

ಹಾಗಂತ ಪೊರೆ ಇದ್ದರೆ ಮೆತ್ತಗೆ, ಇಲ್ಲದಿದ್ದರೆ ಗಟ್ಟಿ ಅಂತ ಕಣ್ಣುಮುಚ್ಚಿ ಹೇಳಲೂ ಆಗುವುದಿಲ್ಲ. ಹೆಪಟೈಟಿಸ್ ಬಿ ಗೆ ಪೊರೆ ಇದೆ, ಆದರೂ ಒಣಗಿದ ರಕ್ತದ ಕಲೆಯಲ್ಲಿ ಏಳು ದಿನ ಸೋಂಕು ಹತ್ತಿಸುವ ಸ್ಥಿತಿಯಲ್ಲಿ ಇರಬಲ್ಲದು. ಸಿಡುಬಿನ ವೈರಸ್‌ಗೂ ಪೊರೆ ಇತ್ತು, ಒಣಗಿದ ಹಕ್ಕಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು. ಒಣಗುವುದನ್ನು ತಾಳಿಕೊಳ್ಳುವುದು ಬೇರೆ, ಸೋಪನ್ನು ತಾಳಿಕೊಳ್ಳುವುದು ಬೇರೆ, ಶಾಖವನ್ನು ತಾಳಿಕೊಳ್ಳುವುದು ಬೇರೆ. ಒಂದರಲ್ಲಿ ಗಟ್ಟಿಯಾದದ್ದು ಇನ್ನೊಂದರಲ್ಲಿ ಗಟ್ಟಿಯಾಗಿರಬೇಕಿಲ್ಲ.

ಕೆಲವು ತಿಂಗಳ ನಂತರ ಅದೇ ಮನೆಯಲ್ಲಿ ಕೆಮ್ಮು, ಜ್ವರ ಶುರುವಾಯಿತು. ನಾನು ಹೋಗುವಷ್ಟರಲ್ಲಿ 5000 ಪಿಪಿಎಂ ಬ್ಲೀಚ್ ಎಲ್ಲ ಕೋಣೆಗೂ ಹಾಕಿ ಒರೆಸುತ್ತಿದ್ದರು. ಮೊದಲೇ ಕೆಮ್ಮುತ್ತಿದ್ದ ಹಿರಿಯರು ಆ ವಾಸನೆಗೆ ಇನ್ನೂ ಕೆಮ್ಮುತ್ತಿದ್ದರು, ಒರೆಸುವ ಹುಡುಗಿಯರ ಕಣ್ಣಲ್ಲಿ ನೀರು. ಪರೀಕ್ಷೆಯಲ್ಲಿ ಫ್ಲೂ ಅಂತ ಬಂತು. ಪೊರೆ ಇರುವ ವೈರಸ್, ಗಟ್ಟಿ ಮೇಲ್ಮೈ ಮೇಲೆ ಒಂದೆರಡು ದಿನ ಇರಬಹುದು ಅಷ್ಟೆ, ಹರಡುವುದು ಮುಖ್ಯವಾಗಿ ಉಸಿರಿನಿಂದ. ಬ್ಲೀಚ್ ನಿಲ್ಲಿಸಿ ಕಿಟಕಿಗಳನ್ನು ತೆಗೆಸಿದೆವು, ಮಾಸ್ಕ್ ಕೊಟ್ಟೆವು, ಲಸಿಕೆ ಹಾಕಿಸದವರ ಪಟ್ಟಿ ಮಾಡಿದೆವು. ಹಳೆಯ ಪರಿಮಳದ ದ್ರಾವಣ ಕಪಾಟಿನಿಂದ ಹೊರಗೆ ಬಂತು, ಬಾಗಿಲ ಪಕ್ಕದ ಸ್ಯಾನಿಟೈಸರ್ ಬಾಟಲಿಗಳನ್ನು ಮತ್ತೆ ತುಂಬಿಸಿದರು. ಮೇಲ್ವಿಚಾರಕಿ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದುತ್ತಾ, "ಇದು ಪೊರೆ ಇರೋದಕ್ಕೆ ತಾನೇ ಮೇಡಂ?" ಅಂತ ಕೇಳಿದರು. ಹೌದು ಅಂದೆ. ಆಕೆ ಒಂದು ಮಾರ್ಕರ್ ತೆಗೆದುಕೊಂಡು ಬಾಟಲಿಯ ಮುಂಭಾಗದಲ್ಲಿ, 99.9% ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಬರೆದರು: ವಾಂತಿ ಭೇದಿಗೆ ಅಲ್ಲ.